ಇಂಗ್ಲಿಷಿನಲ್ಲಿ ಬರೆದ ಸಂತಾಪ

ಕೆಳಗಿನ ಮನೆಯ ಕಾಕಾ ತೀರಿಕೊಂಡದ್ದು ಮಂಗಳವಾರ ಎಂದು ಬರೆಯಹೊರಟಿದ್ದೆ. ಬುಧವಾರವೂ ಇರಬಹುದು. ಅವರ ಬಾಗಿಲ ಮುಂದಿನ ಚಪ್ಪಲಿಗಳ ರಾಶಿಯಂತೂ ನೆನಪಿದೆ. ಧಾರವಾಡ ಕಡೆಯವರು, ಪುಣೆಯ ಭೋಸರಿಯ ಒಂದು ಕಾರ್ಖಾನೆಯಲ್ಲಿ ಲೇಥ್ ಯಂತ್ರ ನಡೆಸುತ್ತಿದ್ದರು. ಭಾನುವಾರ ನಮ್ಮ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಶೋಕಸಭೆ, ಜೊತೆಗೆ ದುಡಿದವರೆಲ್ಲ ಬರುತ್ತಾರೆ, ಓದಲು ಒಂದು ಕಂಡೊಲೆನ್ಸ್ ಬರೆದುಕೊಡಿ ಎಂದು ಸೆಕ್ರೆಟರಿ ಕೇಳಿದರು. ಹಿಂಜವಾಡಿಯ ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಬರೆಯುವವನು ನಾನೇ ತಾನೆ.

ಬರೆಯುವ ಮೊದಲು ಆ ಪದವನ್ನೇ ಹುಡುಕಿದೆ. ಮೂಲ ಲ್ಯಾಟಿನ್. ಮೊದಲ ತುಂಡಿಗೆ 'ಜೊತೆಗೆ' ಎಂದರ್ಥ, ಎರಡನೆಯದಕ್ಕೆ 'ನೋಯುವುದು'. ನಮ್ಮ ಸಂತಾಪದೊಳಗೂ ತಾಪವಿದೆ, ಬೇಯುವುದಿದೆ. ಇಷ್ಟು ಗೊತ್ತಾದಾಗ ನನಗಾದದ್ದು ದುಃಖವಲ್ಲ, ಖುಷಿ. ಕೆಳಗಿನ ಮನೆಗೆ ಇನ್ನೂ ಹೋಗಿರಲಿಲ್ಲ.

ಶನಿವಾರ ಸಂಜೆ ಪತ್ರ ಹಿಡಿದು ಹೋದೆ. ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುವವರು, ಗೋಡೆಗೆ ಒರಗಿ ಕೂತಿದ್ದರು. ಓದಿದೆ.

"ಈಗ ಕನ್ನಡದಾಗ ಹೇಳ್ರಿ."

"ಕಾಕಾ ಭಾಳ ಶಾಂತ ಸ್ವಭಾವದವ್ರು, ಮಾತು ಕಡಿಮಿ, ಅಂತ ಬರದೇನ್ರಿ."

"ಯಾರ ಬಗ್ಗೆ ಬರದೀರಿ?" ಎಂದು ಕಣ್ಣರಳಿಸಿದರು. "ಚಹಾಕ್ಕ ಸಕ್ರಿ ಕಡಿಮಿ ಆದ್ರ ಅವರ ಶಾಂತಿ ನಿಮ್ಮ ಮನಿತನಕ ಕೇಳಸ್ತಿತ್ತಲ್ರಿ!"

ಕೇಳಿಸುತ್ತಿತ್ತು.

"ನಾಳೆ ಬರಾವ್ರೆಲ್ಲಾ ಮರಾಠಿ ಮಂದಿ. ಇಂಗ್ಲಿಷ್ ಯಾರಿಗೆ ತಿಳೀತದ? ಇಪ್ಪತ್ತೆಂಟು ವರ್ಷ ಅವರ ಜೋಡಿ ದುಡದಾರ. ಕಡೀ ಸಲ ಅವರ ಮುಂದ ಬ್ಯಾರೆ ಯಾರನ್ನೋ ನಿಲ್ಲಸ್ತೀರೇನ್ರಿ?"

ಕನ್ನಡದವನು ಕನ್ನಡದವರಿಗಾಗಿ, ಮರಾಠಿಯವರ ಮುಂದೆ ಓದಲು, ಇಂಗ್ಲಿಷಿನಲ್ಲಿ ಬರೆದಿದ್ದೆ. ಪುಣೆಯಲ್ಲಿ ನಮ್ಮ ಜನ ಗಂಭೀರವಾಗಬೇಕಾದಾಗ ಮಾಡುವುದೇ ಇದು.

ಕಾಗದ ಮಗುಚಿದೆ. "ನೀವ ಹೇಳ್ರಿ ಕಾಕು."

ಹೇಳಿದರು. ಡಬ್ಬಿಯಲ್ಲಿ ಎಲ್ಲರಿಗೂ ಆಗುವಷ್ಟು ಶೇಂಗಾ ಚಟ್ನಿ ಒಯ್ಯುತ್ತಿದ್ದದ್ದು. ಹೊಸಬರಿಗೆ ಬೈಯುತ್ತಲೇ ಕೆಲಸ ಕಲಿಸುತ್ತಿದ್ದದ್ದು. ಜಗಳವನ್ನು ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದದ್ದು. "ಸಿಟ್ಟಿನವ್ರು ಅಂತ ಬರೀರಿ. ಖರೇನ ಬರೀರಿ." ನಾನು ಮರಾಠಿಯಲ್ಲಿ ಬರೆದೆ, ತಪ್ಪುಗಳನ್ನು ಅವರೇ ತಿದ್ದಿದರು. ನಡುವೆ ಎರಡು ಸಲ ಅತ್ತರು. ಒಂದು ಸಲ ನಾನೂ ಅತ್ತೆನೆಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಖಾತ್ರಿಯಿಲ್ಲ.

ಮರುದಿನ ಸೆಕ್ರೆಟರಿ ಓದಿದರು. ಸಿಟ್ಟಿನ ಸಾಲು ಬಂದಾಗ ಹಿಂದೆ ಕೂತಿದ್ದ ನರೆತಲೆಯ ಕೆಲಸಗಾರರೊಬ್ಬರು ಎದ್ದು ನಿಂತು, "ಖರಂ ಆಹೆ, ನಿಜ! ಒಮ್ಮೆ ನನ್ನ ಮೇಲೆ ಸ್ಪ್ಯಾನರ್ ಎಸೆದಿದ್ದರು" ಎಂದು ಮರಾಠಿಯಲ್ಲಿ ಕೂಗಿದರು. ಅಂಗಳವೆಲ್ಲ ನಕ್ಕಿತು, ನಗುತ್ತಲೇ ಕಣ್ಣೊರೆಸಿಕೊಂಡಿತು. ನೆನಪು ಇದನ್ನು ತೀರಾ ಸೊಗಸಾಗಿ ಹೇಳುತ್ತಿರುವುದರಿಂದ ನಾನು ಪೂರ್ತಿ ನಂಬುವುದಿಲ್ಲ. ಒಂದನ್ನು ಮಾತ್ರ ನಂಬುತ್ತೇನೆ. ಒಳಗೆ ಕೂತಿದ್ದ ಕಾಕು ಹೊಸ್ತಿಲಿಗೆ ಬಂದು, ಸೆರಗು ಸರಿಮಾಡಿಕೊಂಡು, ಆ ಮನುಷ್ಯನನ್ನು ಮರಾಠಿಯಲ್ಲೇ ಕೇಳಿದರು:

"ಆಮೇಲೆ ಏನಾಯಿತು, ಹೇಳಿ ಅಣ್ಣಾ."