ಹೆಸರು ಹೊರಗೆ ಬರಬಾರದು

ಹೊಸನಗರದ ಕಡೆಯ ಪೊಲೀಸ್ ಠಾಣೆಯೊಂದರಲ್ಲಿ ನಾನು ದಾಖಲೆ ಬರೆಯುವ ರೈಟರ್ ಆಗಿದ್ದೆ. ಒಂದು ದಿನ ತಿಮ್ಮಪ್ಪ ಎಂಬ ಹಿರಿಯರು ಫೋನ್ ಮಾಡಿ, ಗಣಪತಿ ಎನ್ನುವವನು ಹುಲಿಕಲ್ ಹತ್ತಿರ ಕಳ್ಳಭಟ್ಟಿ ಕಾಯಿಸುವ ಜಾಗವನ್ನು ಹೇಳಿದರು. "ನನ್ನ ಹೆಸರು ಮಾತ್ರ ಹೊರಗೆ ಬರಬಾರದು" ಎಂದು ಮೂರು ಸಲ ಆಣೆ ಹಾಕಿಸಿಕೊಂಡರು.

ಮರುದಿನ ಬೆಳಿಗ್ಗೆಯೇ ಗಣಪತಿ ಸಿಕ್ಕಿಬಿದ್ದ. ಪತ್ರಿಕೆಗಳಿಗೆ ಕೊಟ್ಟ ಪ್ರಕಟಣೆಯಲ್ಲಿ 'ಖಚಿತ ಮಾಹಿತಿ ಮೇರೆಗೆ' ಎಂದಷ್ಟೇ ನಾನು ಬರೆದೆ. ಮಧ್ಯಾಹ್ನದೊಳಗೆ ಸುದ್ದಿ ವಾಟ್ಸಾಪಿನಲ್ಲಿ ಹರಿದಾಡಿತು. ಅದು ಬಂದ ಫೋನನ್ನು ಹಿಡಿದುಕೊಂಡು ತಿಮ್ಮಪ್ಪನವರು ಠಾಣೆಗೇ ಬಂದರು.

"ಖಚಿತ ಮಾಹಿತಿ ಅಂತ ಹಾಕಿದೀರಲ್ಲ, ಅದು ಯಾರು? ಹೇಳಿದ್ದು ನಾನಲ್ವಾ?"

ಗಣಪತಿ ಎದುರಿನ ಬೆಂಚಿನಲ್ಲೇ ಕೂತಿದ್ದ. ಸುಮ್ಮನಿರಿ ಎಂದು ತಿಮ್ಮಪ್ಪನವರಿಗೆ ಕಣ್ಣು ಮಿಟುಕಿಸಿದೆ, ಕೆಮ್ಮಿದೆ. ಕೊನೆಗೆ, "ನೀವು ಎಮ್ಮೆ ಕಳೆದಿದೆ ಅಂತ ದೂರು ಕೊಡೋಕೆ ಬಂದಿದ್ದಲ್ವಾ?" ಎಂದೆ.

"ಎಂತ ಎಮ್ಮೆ? ನಮ್ಮನೇಲಿ ಎಮ್ಮೆನೇ ಇಲ್ಲ!"

ಗಣಪತಿ ಎದ್ದು ನಿಂತ. ಹೊಡೆದಾಟವೇ ಆಗುತ್ತದೆಂದು ನಾನು ನಡುವೆ ನುಗ್ಗಿದೆ. ಅವನು ನನಗೇ ಸಮಾಧಾನ ಹೇಳಿದ. "ಬಿಡಿ ಸರ್. ಪೊಲೀಸ್ರಿಗೆ ಹೇಳ್ತೀನಿ ಅಂತ ಇವ್ರು ನಂಗೆ ಮೊನ್ನೇನೇ ಹೇಳಿದ್ರು."

"ಮತ್ತೆ ಯಾಕೋ ಓಡಿಹೋಗಲಿಲ್ಲ?"

"ಇವ್ರ ಮಾತು ನೀವು ನಂಬ್ತೀರಿ ಅಂತ ಯಾರಿಗೆ ಗೊತ್ತಿತ್ತು?"

ತಿಮ್ಮಪ್ಪನವರ ಮುಖ ಸಣ್ಣದಾಯಿತು. ಸಿಟ್ಟಿನಿಂದ ಕೊಡೆ ತೆಗೆದುಕೊಂಡು ಹೊರಟರು. ಹಿಂದಿನಿಂದ ಗಣಪತಿ ಕೂಗಿದ: "ಮಾವಾ, ಊಟಕ್ಕೆ ಕಾಯೋದು ಬೇಡ ಅಂತ ನಿಮ್ಮ ಮಗಳಿಗೆ ಹೇಳ್ಬಿಡಿ."

ಅಷ್ಟೆಲ್ಲ ವಿವರ ಕೊಟ್ಟವರು, ಅವನು ತಮ್ಮ ಅಳಿಯ ಎನ್ನುವುದೊಂದನ್ನು ಮಾತ್ರ ಗುಟ್ಟಾಗಿ ಇಟ್ಟಿದ್ದರು.