ಬೇಲಿಯ ದೃಶ್ಯ

ಮಕ್ಕಳು ಆಡುತ್ತಿದ್ದದ್ದು ಮುಟ್ಟಾಟ. ಮುಟ್ಟಿಸಿಕೊಂಡವರು ಕೆಮ್ಮಬೇಕು, ಕೆಮ್ಮುತ್ತಲೇ ಇನ್ನೊಬ್ಬರನ್ನು ಅಟ್ಟಿಸಿಕೊಂಡು ಹೋಗಬೇಕು. ಎಲ್ಲರೂ ಕೆಮ್ಮತೊಡಗಿದ ಮೇಲೆ ಒಬ್ಬ 'ಲಾಕ್‌ಡೌನ್' ಎಂದು ಕೂಗುತ್ತಿದ್ದ. ಆಗ ಇದ್ದವರು ಇದ್ದಲ್ಲೇ ನಿಲ್ಲಬೇಕು, ನಕ್ಕವರು ಸತ್ತಂತೆ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ದಂಡಿಗನಹಳ್ಳಿ ಕಡೆಯ ಒಂದು ಸರ್ಕಾರಿ ಶಾಲೆಯ ಅಂಗಳ. ಅರಕಲಗೂಡು ತಾಲ್ಲೂಕಿನ ಕೊಣನೂರಿನಿಂದ ನಾನು ಅಲ್ಲಿಗೆ ವರ್ಗವಾಗಿ ಬಂದ ಮೇಲಿನ ಮಾತು ಇದು. ಇಷ್ಟು ಖಚಿತ. ಆಟದ ನಿಯಮಗಳ ಬಗ್ಗೆ ಅಷ್ಟು ಧೈರ್ಯವಿಲ್ಲ. 'ನಕ್ಕವರು ಸತ್ತಂತೆ' ಎಂಬುದು ಮಕ್ಕಳೇ ಮಾಡಿಕೊಂಡದ್ದೋ, ಮುಂದೆ ನಡೆದದ್ದಕ್ಕೆ ಹೊಂದಲಿ ಎಂದು ನನ್ನ ತಲೆ ಆಮೇಲೆ ಸೇರಿಸಿದ್ದೋ ಹೇಳಲಾರೆ. ಅಷ್ಟು ಚೆನ್ನಾಗಿ ಹೊಂದುವ ನೆನಪನ್ನು ನಾನು ನಂಬುವುದಿಲ್ಲ. ಆ ಒಂದು ಮಾತನ್ನು ಬಿಟ್ಟು ಓದಿಕೊಳ್ಳಬಹುದು.

ಆ ಆಟವನ್ನೇ ಹಿಗ್ಗಿಸಿ ಶಾಲಾ ವಾರ್ಷಿಕೋತ್ಸವಕ್ಕೆ ಒಂದು ಹಾಸ್ಯ ನಾಟಕ ಮಾಡಿಸಲು ಹೊರಟೆ. ಹಸಿರು ಬಟ್ಟೆಯ ಉಂಡೆಯೊಳಗೆ ಕೂತು ಉರುಳಿಕೊಂಡು ಬರುವ ಕೊರೋನಾ, ಮೂಗಿನ ಕೆಳಗೆ ಮಾಸ್ಕ್ ಹಾಕಿಕೊಂಡು ಮಾಸ್ಕಿನ ಮಹಿಮೆ ಹೇಳುವ ಭಾಷಣಕಾರ, ಆಸ್ಪತ್ರೆಯಲ್ಲಿ ಒಂದೇ ಮಂಚಕ್ಕೆ ಜಗಳವಾಡುವ ಇಬ್ಬರು ರೋಗಿಗಳು.

ಮುಖ್ಯೋಪಾಧ್ಯಾಯಿನಿ ಹೊಳೆನರಸೀಪುರದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದರು. ಮೆತ್ತಗಿನ ಹೆಂಗಸು. ಬ್ಯಾಗನ್ನು ಮೇಜಿನ ಮೇಲಿಡುವ ಮೊದಲೇ ಕೇಳಿದರು.

"ಇದು ಬೇಕಾ ಸರ್? ಮುಂದೆ ಕೂತು ನೋಡೋರಲ್ಲಿ ಯಾರ ಮನೇಲಿ ಯಾರು ಹೋಗಿದಾರೋ. ಮಕ್ಕಳ ಕೈಲಿ ಅದನ್ನ ಆಡಿಸಿ ನಗಿಸೋದು ಅಂದ್ರೆ."

"ಮಕ್ಕಳು ಆಗಲೇ ಆಡ್ತಿದಾರೆ ಮೇಡಂ."

"ಅವು ಆಡೋದು ಬೇರೆ. ನಾವು ಮೈಕ್ ಹಾಕಿ ಆಡಿಸೋದು ಬೇರೆ."

ಆದರೂ ಉಡುಪು ಹೊಲಿಸಲು ಹೊರಟೆ.

ಹಸಿರು ಉಂಡೆ ಹೊಲಿದುಕೊಟ್ಟವಳು ಶಾಲೆಯ ಹಿಂದಿನ ಬೀದಿಯಲ್ಲಿ ರವಿಕೆ ಹೊಲಿಯುತ್ತಿದ್ದ ಹೆಂಗಸು. ಅವಳ ಮಗಳು ಐದನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಊರಲ್ಲಿ ಎಲ್ಲರೂ ಅವಳನ್ನು ಬಾಂಬೆಯವಳು ಎನ್ನುತ್ತಿದ್ದರು. ಹುಟ್ಟಿದ್ದು ಪಕ್ಕದ ಹೋಬಳಿಯಲ್ಲೇ, ಮದುವೆಯಾಗಿ ಬಂದದ್ದು ಈ ಊರಿನ ದೊಡ್ಡ ಒಕ್ಕಲು ಮನೆತನಕ್ಕೇ. ಗಂಡನಿಗೆ ಬಾಂಬೆಯ ಹೋಟೆಲೊಂದರಲ್ಲಿ ಕೆಲಸವಿದ್ದದ್ದರಿಂದ ಕೆಲವು ವರ್ಷ ಅಲ್ಲಿದ್ದಳು, ಅಷ್ಟೆ. ಲಾಕ್‌ಡೌನಿನಲ್ಲಿ ಮೂವರೂ ಊರಿಗೆ ಬಂದರು. ಮರುವರ್ಷ ಗಂಡ ಅದೇ ರೋಗದಲ್ಲಿ ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡ.

ಇದು ಗೊತ್ತಿದ್ದರಿಂದ ಅವಳ ಹತ್ತಿರ ನಾಟಕದ ಮಾತು ಎತ್ತಲು ಹಿಂಜರಿದಿದ್ದೆ. ಅಳತೆ ನೋಡಲು ಶಾಲೆಗೆ ಬಂದವಳು ಪಡಸಾಲೆಯಲ್ಲಿ ಕೂತು ಉಂಡೆಗೆ ಹತ್ತಿ ತುರುಕುತ್ತಿದ್ದಳು. ತಾನೇ ಶುರು ಮಾಡಿದಳು.

"ಇದುಕ್ಕೆ ಮುಳ್ಳು ಎಲ್ಲೆಲ್ಲಿ ಇಕ್ಬೇಕು ಸಾ?"

"ಸುತ್ತ ಇರಲಮ್ಮ. ಚಿತ್ರದಲ್ಲಿ ಇರುತ್ತಲ್ಲ, ಹಾಗೆ."

"ನಂಗ್ಯಾಕೆ ಚಿತ್ರ. ಮುಳ್ಳು ಇಕ್ಕೋದ್ರಲ್ಲಿ ನಮ್ಮೂರ್ನೋರ ಮೀರ್ಸೋರು ಯಾರವ್ರೆ."

ನಾಟಕದಿಂದ ಅವಳಿಗೆ ನೋವಾಗುವುದಾದರೆ ನಿಲ್ಲಿಸಿಬಿಡುತ್ತೇನೆ ಎಂಬರ್ಥದಲ್ಲಿ ಏನೋ ಹೇಳಿದೆ. ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು.

"ರೋಗುಕ್ಕೇನ್ ಕಣ್ಣಾ ಮೂಗಾ ಸಾ? ಬಂತು, ನಮ್ಮೋರ್ನ ತಕೊಂಡೋಯ್ತು. ಅದ್ನ ಇಟ್ಕೊಂಡು ಎಷ್ಟಾರ ನಗಾಡ್ಲಿ, ನಂಗೇನೂ ಇಲ್ಲ. ಬೇಲಿ ಆಕ್ದೋರ್ಗೆ ಕಣ್ಣಿತ್ತಲ್ಲ. ಅದ್ನ ಯಾಕೆ ನಾಟ್ಕುಕ್ಕೆ ಸೇರ್ಸಿಲ್ಲ ನೀವು?"

ಬೇಲಿಯ ಕತೆ ನನಗೆ ಗೊತ್ತಿರಲಿಲ್ಲ. ಆ ಕಾಲದಲ್ಲಿ ನಾನು ಕೊಣನೂರಿನಲ್ಲಿದ್ದೆ. ಅವಳಿಂದಲೇ ಕೇಳಿದ್ದು. ಒಂದೇ ಸಲವಲ್ಲ, ಮೂರು ನಾಲ್ಕು ಸಲ, ಪ್ರತಿ ಸಲವೂ ಸ್ವಲ್ಪ ಬೇರೆ. ಒಂದು ಸಲ ಅವರು ಬಂದದ್ದು ಬೆಳಗ್ಗೆ, ಇನ್ನೊಂದು ಸಲ ಸುಡು ಮಧ್ಯಾಹ್ನ. ಒಮ್ಮೆ ಗಂಡ ಜಗಳವಾಡಿದ, ಒಮ್ಮೆ ಬಾಯಿ ಬಿಡಲೇ ಇಲ್ಲ. ಬದಲಾಗದೆ ಉಳಿದದ್ದು ಇಷ್ಟು: ವ್ಯಾನಿನವನು ಊರ ತಿರುವಿನಲ್ಲಿ ಇಳಿಸಿ ಹೋದ. ರಸ್ತೆ ಅಗೆದು ಅಡ್ಡಕ್ಕೆ ಜಾಲಿಮುಳ್ಳು ಹಾಕಿದ್ದರು. ಮುಳ್ಳಿನ ಆಚೆ ಮಚ್ಚು ಹಿಡಿದು ನಿಂತವರಲ್ಲಿ ಮುಂದಿದ್ದವನು ಗಂಡನ ದೊಡ್ಡಪ್ಪನ ಮಗ, ಅವಳಿಗೆ ಭಾವ. ಅವಳು ಕೇಳಿದ್ದು ಒಂದೇ ಮಾತು, "ಭಾವ, ಮಗೀಗೆ ನೀರು." ಅವರು ನೀರಿನ ಬಾಟಲಿಯನ್ನು ದೋಟಿಯ ತುದಿಗೆ ಕಟ್ಟಿ ಚಾಚಿದರು. ದೋಟಿ ಎಂದರೆ ತೆಂಗಿನಕಾಯಿ ಕೀಳುವ ಉದ್ದನೆಯ ಬಿದಿರು. ಅದು ತೂಗಾಡಿ ಬಾಟಲಿ ಗಂಡನ ಹಣೆಗೆ ಬಡಿದು ಕೆಳಗೆ ಬಿತ್ತು. ಮುಳ್ಳಿನ ಆಚೆ ನಿಂತವರು ನಕ್ಕರು. ಬಾಟಲಿಯ ಮುಚ್ಚಳ ಹಾರಿಹೋಗಿತ್ತು.

"ಈಗ ಯಾರ್ನಾದ್ರೂ ಕೇಳಿ. ಬೇಲಿ ಸರ್ಕಾರ್ದೋರು ಆಕ್ಸಿದ್ರು ಅಂತಾರೆ. ಪೋಲೀಸ್ನೋರು ಅಂತಾರೆ. ಒಂದ್ಸಲ ಅವ್ರು ಕೂತು ನೋಡ್ಲಿ ಸಾ. ಊ ಕಣವ್ವ, ನಾವೇ ಮಾಡುದ್ದು ಅಂತ ಒಂದ್ಸಲ ಬಾಯಲ್ಲಿ ಬರ್ಲಿ. ಇನ್ನೇನೂ ಬ್ಯಾಡ."

ದೃಶ್ಯ ಬರೆದೆ. ಹಾಸ್ಯ ನಾಟಕದ ನಡುವೆ ಸ್ವಲ್ಪ ಹೊತ್ತು ಯಾರೂ ನಗದ ಒಂದು ತುಣುಕು. ಮುಳ್ಳು ಎಳೆಯುತ್ತಾರೆ, ಸಂಸಾರ ಬಂದು ನಿಲ್ಲುತ್ತದೆ, ಬಾಟಲಿ ಬೀಳುತ್ತದೆ, ಎರಡು ಕಡೆಯವರೂ ಅದನ್ನು ನೋಡುತ್ತ ನಿಲ್ಲುತ್ತಾರೆ. ಮಾತು ಒಂದೇ, ಅವಳದೇ. ಆ ತಾಯಿಯ ಪಾತ್ರ ಅವಳ ಮಗಳಿಗೇ ಬೇಕೆಂದು ಕೇಳಿದವಳೂ ಅವಳೇ. ಆವತ್ತು ತಾಯಿಯ ಸೊಂಟದ ಮೇಲಿದ್ದ ಹುಡುಗಿಗೆ ಅದರ ನೆನಪೇ ಇರಲಿಲ್ಲ. ಬಸ್ಸಿನ ಸೀಟಿನ ಬಣ್ಣ ಮಾತ್ರ ನೆನಪಿದೆ ಎಂದಳು. ಅವರು ಬಂದದ್ದು ವ್ಯಾನಿನಲ್ಲಿ.

ಮಚ್ಚು ಹಿಡಿದಿದ್ದ ಆ ಭಾವನೇ ಈಗ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷ. ಸಭೆಯಲ್ಲಿ ನಾಟಕದ ವಿಷಯ ಬಂದಾಗ ಅವನು ಮೊದಲು ಹೇಳಿದ್ದು, "ಸತ್ತೋರ್ ವಿಸ್ಯ ಬ್ಯಾಡ ಮೇಷ್ಟ್ರೆ. ಹೆಂಗುಸ್ರು ಬಂದಿರ್ತಾರೆ, ಅತ್ಕೊಂಡು ಕೂತ್ಕತಾರೆ. ಆಸ್ಪತ್ರೆ ಸೀನ್ ತಗ್ದಾಕ್ಬುಡಿ." ಮೇಡಂ ತಲೆಯಾಡಿಸಿದರು. ಆಸ್ಪತ್ರೆ ಹೋಯಿತು. ಆಮೇಲೆ ಬೇಲಿಯ ಮಾತು ಬಂತು. ಅವನು ಟೀ ಲೋಟ ಕೆಳಗಿಟ್ಟ.

"ಬೇಲಿ ನಾವಾಕಿದ್ದಲ್ಲ. ಸರ್ಕಾರ್ದೋರು ಯೋಳಿದ್ರು, ಆಕಿದ್ದು."

"ಎಲ್ಲ ಊರಲ್ಲೂ ಇತ್ತಲ್ಲ, ನಿಮ್ಮೂರು ಅಂತ ಎಲ್ಲೂ ಹೇಳಿಲ್ಲ" ಎಂದೆ. ಅದು ನಿಜವೂ ಹೌದು.

ಮೇಡಂ ಮಧ್ಯೆ ಬಂದರು. "ನೋಡೋರಿಗೆ ನೋವಾಗದ ಹಾಗೆ ಇದ್ರೆ ಇರಲಿ ಬಿಡಿ. ನಗು ಬರೋ ಹಾಗಿರಲಿ."

"ಅಂಗಾರೆ ಇರ್ಲಿ. ಕಾಮಿಡಿಯಾಗಿ ಇರ್ಲಿ" ಎಂದ ಅಧ್ಯಕ್ಷ. "ನಮ್ಮುಡ್ಗನ್ಗೂ ಒಂದ್ ಪಾಲ್ಟ್ ಕೊಡಿ ಮೇಷ್ಟ್ರೆ. ಮನೇಲಿ ಬರೀ ಮಂಗಾಟ ಆಡ್ತಾನೆ."

ಹೀಗೆ ಸಾವನ್ನು ಕುರಿತ ಹಾಸ್ಯ ಮಕ್ಕಳಿಗೆ ತಕ್ಕದ್ದಲ್ಲ ಎಂದೂ ಬೇಲಿ ಅಡ್ಡಿಯಿಲ್ಲ ಎಂದೂ ತೀರ್ಮಾನವಾಯಿತು. ಏಳನೆಯ ತರಗತಿಯಲ್ಲಿದ್ದ ಅವನ ಮಗನಿಗೆ ದೋಟಿ ಹಿಡಿಯುವ ಪಾತ್ರ ಬಂತು.

ಅಭ್ಯಾಸದಲ್ಲಿ ಎಲ್ಲ ಸರಿಯಿತ್ತು. ಖಾಲಿ ಕೊಠಡಿಯಲ್ಲಿ ಬಾಟಲಿ ಬೀಳುವ ಸದ್ದು ಚೆನ್ನಾಗಿ ಕೇಳುತ್ತಿತ್ತು. ಹುಡುಗಿ ನೆಲ ನೋಡುತ್ತ ನಿಲ್ಲುತ್ತಿದ್ದಳು. ಒಂದು ದಿನ ತಾಯಿ ಬಾಗಿಲ ಹತ್ತಿರ ನಿಂತು ಪೂರ್ತಿ ನೋಡಿದಳು. "ಸಾಕು ಸಾ. ಇಷ್ಟ್ ಮಾಡುದ್ರೆ ಸಾಕು" ಎಂದು ಹೋದಳು.

ವಾರ್ಷಿಕೋತ್ಸವದ ಸಂಜೆಯನ್ನು ನಾನು ಮೂರು ರೀತಿ ಬರೆದು ನೋಡಿದ್ದೇನೆ. ಒಂದರಲ್ಲಿ ತಪ್ಪು ಆ ಹುಡುಗನದು, ಇನ್ನೊಂದರಲ್ಲಿ ಮೈಕಿನದು. ಮೂರನೆಯದರಲ್ಲಿ ಅಕಾಲ ಮಳೆ ತರಿಸಿ ಕಾರ್ಯಕ್ರಮವನ್ನೇ ನಿಲ್ಲಿಸಿದ್ದೆ. ಮಳೆ ಬರಲಿಲ್ಲ. ನಡೆದದ್ದನ್ನು ಆದಷ್ಟು ಬರಿದಾಗಿ ಹೇಳುತ್ತೇನೆ.

ಊರು ಊರೇ ಬಂದಿತ್ತು. ಹಸಿರು ಉಂಡೆ ಉರುಳಿದಾಗ ಜನ ನಕ್ಕರು, ಭಾಷಣಕಾರನಿಗೆ ಇನ್ನೂ ನಕ್ಕರು. ಬೇಲಿಯ ದೃಶ್ಯ ಬರುವ ಹೊತ್ತಿಗೆ ಅವರ ಬಾಯಿ ಆಗಲೇ ತೆರೆದಿತ್ತು. ಮಕ್ಕಳು ಮುಳ್ಳು ಎಳೆದು ಹಾಕಿದಾಗ ಕ್ಷಣಕಾಲ ಸದ್ದಡಗಿತು. ಹುಡುಗಿ ಬಂದು ನಿಂತಳು. "ಭಾವ, ಮಗೀಗೆ ನೀರು." ಹೇಳಿಕೊಟ್ಟಂತೆಯೇ ಹೇಳಿದಳು. ಅಧ್ಯಕ್ಷ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡಿದ್ದವನು ಕಾಲು ಇಳಿಸಿದ. ಅದನ್ನು ನಾನು ನೋಡಿದೆ. ನೋಡಿದೆ ಎಂದುಕೊಂಡಿದ್ದೇನೆ.

ಆಗ ಹುಡುಗ ದೋಟಿ ಎತ್ತಿದ. ಅದರ ಭಾರಕ್ಕೆ ಅವನೇ ಒಂದು ಸುತ್ತು ತಿರುಗಿಬಿಟ್ಟ. ಬೇಕೆಂದು ಮಾಡಿದ್ದಲ್ಲ. ಹಿಂದಿನಿಂದ ಯಾರೋ ಕೂಗಿದರು.

"ಲೇ, ಅವರಪ್ಪನಂಗೇ ತಿರುಗ್ತಾನೆ ಕಣ್ಲಾ."

ಜನ ಭೋರೆಂದು ನಕ್ಕರು. ಹುಡುಗನಿಗೆ ರುಚಿ ಹತ್ತಿತು. ಪಂಚೆಯನ್ನು ಅಪ್ಪನ ಹಾಗೆ ಎತ್ತಿ ಕಟ್ಟಿ, ಅಪ್ಪನ ಹಾಗೆ ಕ್ಯಾಕರಿಸಿ, ಗಾಳ ಹಾಕುವವನಂತೆ ಬಾಟಲಿಯನ್ನು ಹುಡುಗಿಯ ಮುಂದೆ ಮೇಲೆ ಕೆಳಗೆ ಆಡಿಸಿದ. ಹುಡುಗಿ ನೆಲ ನೋಡುತ್ತ ನಿಲ್ಲಬೇಕಿತ್ತು. ಅವಳು ತಲೆಯೆತ್ತಿದಳು. ಬಾಟಲಿಯನ್ನಲ್ಲ, ನಗುತ್ತಿದ್ದ ಇಡೀ ಊರನ್ನು ನೋಡಿದಳು. ಆಮೇಲೆ ಬಾಟಲಿಗೆ ಜಿಗಿದಳು. ಇನ್ನೊಮ್ಮೆ ಜಿಗಿದು, ನಾಲಗೆ ಹೊರಗೆ ಹಾಕಿ, "ಪಾನಿ, ಪಾನಿ" ಎಂದಳು. ಆ ಹಿಂದಿ ಮಾತು ನಾಟಕದಲ್ಲಿರಲಿಲ್ಲ. ಜನ ಶಿಳ್ಳೆ ಹೊಡೆದರು. ಅವಳು ಸೆರಗನ್ನು ಬಾಂಬೆಯವರ ಹಾಗೆ ಎಡದಿಂದ ಬಲಕ್ಕೆ ತಿರುಗಿಸಿಕೊಂಡು ಮತ್ತೆ ಜಿಗಿದಳು.

ಇದರ ವಿಡಿಯೋ ಊರಿನ ಎಲ್ಲರ ಫೋನಿನಲ್ಲೂ ಇದೆ. ನನ್ನಲ್ಲೂ ಇದೆ. ಮೊದಲು ನಕ್ಕವರು ಯಾರು ಎಂದು ಎಷ್ಟೋ ಸಲ ಹುಡುಕಿದ್ದೇನೆ. ಸಿಗುವುದಿಲ್ಲ. ವಿಡಿಯೋ ಶುರುವಾಗುವುದೇ ನಗುವಿನಿಂದ. ತಮಾಷೆ ಆಗುತ್ತಿದೆ ಎಂದು ಗೊತ್ತಾದ ಮೇಲೆ ತೆಗೆದವನು ಫೋನು ಹೊರತೆಗೆದಿದ್ದಾನೆ. "ಭಾವ, ಮಗೀಗೆ ನೀರು" ಎಂಬ ಮಾತು ಅದರಲ್ಲಿ ಇಲ್ಲ.

ನಾಟಕ ಮುಗಿದ ಮೇಲೆ ಅಧ್ಯಕ್ಷ ವೇದಿಕೆಯ ಪಕ್ಕಕ್ಕೆ ಬಂದು ಹುಡುಗಿಯ ತಲೆ ಸವರಿದ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು.

"ಎಂತಾ ಐನಾತಿ ಮಗೀನ ಇಟ್ಕೊಂಡಿದ್ದೀಯ ನೀನು" ಎಂದ ಅವಳ ತಾಯಿಗೆ. ಅಷ್ಟು ಜನರೆದುರು ಅವನು ಅವಳನ್ನು ಮಾತಾಡಿಸಿದ್ದು ನಾನು ಕಂಡಂತೆ ಅದೇ ಮೊದಲು. "ಊ ಕಣವ್ವ, ಅಂಗೇ ಅಲ್ವಾ ನಾವು ಮಾಡಿದ್ದು. ದೋಟಿಗೆ ಕಟ್ಟಿ ಕೊಟ್ಟಿದ್ದೋ. ನಮ್ ತಮ್ಮನ್ ಹಣೆಗೇ ಬಡೀತು, ಅಲ್ವಾ? ಅಯ್ಯಪ್ಪ, ಏನ್ ನಗು ಆವತ್ತು. ನಾಳೀಕೆ ಮಗೀನ ಕರ್ಕೊಂಡು ಮನೀಗ್ ಬಾ. ಊಟುಕ್ಕೆ."

"ಊ ಭಾವ" ಎಂದಳು ಅವಳು.

ಅವನ ಬಾಯಲ್ಲಿ ಬರಲಿ ಎಂದು ಅವಳು ಕೇಳಿದ್ದ ಮಾತು ಅದೇ. ಒಂದಕ್ಷರ ಕಡಿಮೆಯಿಲ್ಲದೆ ಬಂತು. ಅದಾದ ಮೇಲೆ ಊರಲ್ಲಿ ಬೇಲಿ ಸರ್ಕಾರದವರದು ಎಂದು ಯಾರೂ ಹೇಳುವುದಿಲ್ಲ. 'ನಾನೇ ದೋಟಿ ತಂದುಕೊಟ್ಟಿದ್ದು' ಎಂದು ಇಬ್ಬರು ವಾದ ಮಾಡಿದ್ದನ್ನು ಟೀ ಅಂಗಡಿಯಲ್ಲಿ ಕೇಳಿದ್ದೇನೆ. ಅವಳ ಗಂಡನೂ ನಗುತ್ತಿದ್ದ ಎಂದು ಒಬ್ಬ ಹೇಳಿದ. ಹಣೆ ಉಜ್ಜಿಕೊಂಡು ನಗುತ್ತಿದ್ದನಂತೆ. ಇರಬಹುದೇ ಎಂದು ಒಂದು ಕ್ಷಣ ನನಗೂ ಅನ್ನಿಸಿತು. ಅವಳು ಹೇಳಿದ ಯಾವ ಸಲದ ಕತೆಯಲ್ಲೂ ಅದು ಇರಲಿಲ್ಲ. ಆದರೆ ನಾನು ಅಲ್ಲಿರಲಿಲ್ಲ, ಅಲ್ಲಿದ್ದವನು ಸತ್ತಿದ್ದಾನೆ.

ನಾಟಕವನ್ನು ಚನ್ನರಾಯಪಟ್ಟಣದಲ್ಲಿ ನಡೆಯುವ ಮಕ್ಕಳ ಸ್ಪರ್ಧೆಗೆ ಕಳಿಸುವುದೆಂದಾಯಿತು. ಮೇಡಮ್ಮಿಗೆ ಸಂತೋಷ. "ನೋಡಿ ಸರ್, ಯಾರಿಗೂ ನೋವಾಗಲಿಲ್ಲ" ಎಂದರು. ಅವರು ವ್ಯಂಗ್ಯ ಮಾಡುವವರಲ್ಲ. ಬೇಲಿಯ ದೃಶ್ಯವನ್ನು ಈಗ ಇದ್ದಂತೆಯೇ ಇಡಬೇಕು, ಜನ ಮೆಚ್ಚಿದ್ದೇ ಅದನ್ನು ಎಂದರು.

ಅದನ್ನು ತೆಗೆದುಬಿಡುವುದಾಗಿ ಹೇಳಲು ಸಂಜೆ ಶಾಲೆಯ ಹಿಂದಿನ ಬೀದಿಗೆ ಹೋದೆ. ಹೊಲಿಗೆ ಮೆಷಿನ್ ಓಡುತ್ತಿತ್ತು. ಹುಡುಗಿ ಬಾಗಿಲಲ್ಲೇ ಕೂತು, ಅಧ್ಯಕ್ಷನ ಮನೆಯಿಂದ ಬಂದ ಅವಳ ಓರಗೆಯ ಇಬ್ಬರ ಜೊತೆ ಕಲ್ಲಾಟ ಆಡುತ್ತಿದ್ದಳು. ಮೊದಲೆಲ್ಲ ಆ ಬಾಗಿಲಲ್ಲಿ ಬೇರೆ ಮಕ್ಕಳನ್ನು ನಾನು ಕಂಡಿರಲಿಲ್ಲ.

"ಬೇಲಿ ಸೀನ್ ಬೇಡ ಅನ್ನೋದಾದ್ರೆ ಹೇಳಮ್ಮ. ನಾನು ಮೇಡಂ ಹತ್ರ ಮಾತಾಡ್ತೀನಿ."

ಅವಳು ಮೆಷಿನ್ ನಿಲ್ಲಿಸಲಿಲ್ಲ. "ತಗ್ದ್ರೆ ಅವ್ಳ ಪಾಲ್ಟೂ ಓಯ್ತದಲ್ಲ ಸಾ."

"ಬೇರೆ ಪಾತ್ರ ಕೊಡೋಣ."

"ಬ್ಯಾಡ. ಅವ್ಳ್ಗೆ ಈಗ ಆಡಕ್ಕೆ ಜನ ಸಿಕ್ಕವ್ರೆ."

ಹುಡುಗಿಗೆ ನಮ್ಮ ಮಾತು ಕೇಳಿಸಿತ್ತು. ಕಲ್ಲುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಎದ್ದು ಬಂದಳು.

"ಅವ್ವ, ಪಾನಿ ಪಾನಿ ಅಂದ್ರೆ ಪಟ್ಣದಲ್ಲಿ ಸಾಲ್ದಂತೆ. ದೋಟಿ ಇಡಿಯೋ ಅಣ್ಣ ಯೋಳ್ದ. ಉದ್ದುಕ್ಕೆ ಇಂದಿ ಯೋಳ್ಕೊಡು. ನೀನು ಆವತ್ತು ಏನಂದೆ?"

ತಾಯಿ ಮೆಷಿನ್ನಿನಿಂದ ಕಾಲು ತೆಗೆದಳು. ನನ್ನನ್ನು ನೋಡಲಿಲ್ಲ. ಆವತ್ತು ಅವಳು ಅಂದದ್ದು ಕನ್ನಡದಲ್ಲಿ. ಅದು ನನಗೆ ಗೊತ್ತಿತ್ತು, ಮುಳ್ಳಿನ ಆಚೆ ನಿಂತ ಪ್ರತಿಯೊಬ್ಬನಿಗೂ ಗೊತ್ತಿತ್ತು.

"ಥೋಡಾ ಪಾನಿ ದೇ ದೋ ಭಯ್ಯಾ" ಎಂದಳು.

ಹುಡುಗಿ ಹೇಳಿದಳು. ಬಾಗಿಲಲ್ಲಿ ಕೂತಿದ್ದ ಮಕ್ಕಳು ಕಿಸಕ್ಕೆಂದರು.

"ಅಂಗಲ್ಲ" ಎಂದಳು ತಾಯಿ. "ಭಯ್ಯಾ ಅನ್ನೋದ್ನ ಇನ್ನೂ ಎಳೀಬೇಕು. ಎಳುದ್ರೆ ನಗ್ತಾರೆ."