ಅಕ್ಕನ ಕಪಾಟಿನ ಸೊಟ್ಟ ಗೊಂಬೆಗಳು

ನಮ್ಮಕ್ಕನ ಕಪಾಟಿನಲ್ಲಿ ನೆಟ್ಟಗಿರುವ ಗೊಂಬೆ ಹುಡುಕಿದರೂ ಸಿಗುವುದಿಲ್ಲ. ಅರ್ಧ ಮೀಸೆಯ ಪೊಲೀಸು, ಹಣೆಯ ಮೇಲೆ ಮೂಗಿರುವ ಕರಡಿ, ಬಾಯಿಯ ಒಂದು ತುದಿಯಲ್ಲಿ ನಗುತ್ತ ಇನ್ನೊಂದು ತುದಿಯಲ್ಲಿ ಅಳುತ್ತ ಕೂತ ಬೆಕ್ಕು. ಒಂದು ಕುದುರೆಗಂತೂ ಐದು ಕಾಲು. ಮರದಲ್ಲಿ ಕೆತ್ತಿದ್ದು ನಾಲ್ಕೇ. ಐದನೆಯದನ್ನು ಬಣ್ಣ ಹಚ್ಚುವವಳು ಹೊಟ್ಟೆಯ ಮೇಲೆ ಧಾರಾಳವಾಗಿ ಬರೆದುಬಿಟ್ಟಿದ್ದಾಳೆ. ಎಲ್ಲ ಸೇರಿ ನೂರ ಎಪ್ಪತ್ತೊಂದು. ಅಕ್ಕ ದಿನಾ ಬೆಳಿಗ್ಗೆ ಮೆತ್ತನೆ ಬಟ್ಟೆಯಿಂದ ಇವುಗಳ ಧೂಳು ಒರೆಸುತ್ತಾಳೆ. ನಾನು ಹೋದಾಗಲೆಲ್ಲ ಕಪಾಟಿನ ಮುಂದೆ ನಿಂತು ನಗುತ್ತಿದ್ದೆ. ನಗುವ ಹಕ್ಕು ನನಗಿದೆ ಅಂತಲೇ ತಿಳಿದಿದ್ದೆ.

ಯಾಕೆಂದರೆ ನಾನೂ ಅಕ್ಕನೂ ಒಂದೇ ಗೊಂಬೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ನನ್ನದು ಕಣ್ಣಿನ ಮೇಜು. ಗೊಂಬೆಗೆ ಮೈಬಣ್ಣ, ಬಟ್ಟೆ, ಕೂದಲು ಎಲ್ಲ ಆದಮೇಲೆ ಕೊನೆಗೆ ಬರುವುದು ನಮ್ಮ ಹತ್ತಿರ. ಮೂರೇ ಮೂರು ಕೂದಲಿನ ಕುಂಚ. ಉಸಿರು ಬಿಗಿಹಿಡಿದು ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು. ನಡುವೆ ಕುಂಚವನ್ನು ಮತ್ತೆ ಬಣ್ಣಕ್ಕೆ ಅದ್ದುವಂತಿಲ್ಲ. ಅದ್ದಿದರೆ ಒಂದು ಕಣ್ಣು ದಪ್ಪವಾಗಿ, ಗೊಂಬೆ ಜಗಳಕ್ಕೆ ನಿಂತವಳ ಹಾಗೆ ಕಾಣುತ್ತದೆ. ಈ ಕೆಲಸದಲ್ಲಿ ಮೂವತ್ತು ವರ್ಷ ಕೂತರೂ ನನ್ನ ಹೆಸರಿಗೆ ಒಂದೇ ಒಂದು ತಪ್ಪಿನ ಚೀಟಿ ಬಂದಿರಲಿಲ್ಲ. ಮದುವೆಮನೆಯಿರಲಿ, ಸಾವಿನ ಮನೆಯಿರಲಿ, ಈ ಮಾತು ಹೇಳದೆ ನಾನು ಎದ್ದು ಬಂದವಳಲ್ಲ.

ಅಕ್ಕನದು ಚೆಕಿಂಗ್ ಮೇಜು. ಅವಳೂ ಮೊದಲು ಕಣ್ಣಿನ ಮೇಜಿನವಳೇ; ದೃಷ್ಟಿ ಬಲು ಚುರುಕು ಅಂತ ಮೇಸ್ತ್ರಿ ಅಲ್ಲಿಗೆ ಎತ್ತಿ ಹಾಕಿದ. ಕಿಟಕಿ ಬೆಳಕಿಗೆ ಗೊಂಬೆಯನ್ನು ಹಿಡಿದು ಮೂರು ಸುತ್ತು ತಿರುಗಿಸುವಳು. ಸರಿಯಿದ್ದರೆ ತಟ್ಟೆಗೆ. ತಪ್ಪಿದ್ದರೆ ಸುತ್ತಿಗೆಯಿಂದ ಒಡೆದು ತಗಡಿನ ಡ್ರಮ್ಮಿಗೆ ಹಾಕಿ, ಬಣ್ಣ ಹಚ್ಚಿದವಳ ಹೆಸರಿಗೆ ಚೀಟಿ ಬರೆಯಬೇಕು. ಯಾರ ಕೈಯದು ಅಂತ ಹುಡುಕಬೇಕಿರಲಿಲ್ಲ. ನಾವೆಲ್ಲ ಗೊಂಬೆಯ ಅಂಗಾಲಿಗೆ ನಮ್ಮ ನಮ್ಮ ಬಣ್ಣದ ಚುಕ್ಕಿ ಇಡುತ್ತಿದ್ದೆವು. ನನ್ನದು ಹಳದಿ. ತಿಂಗಳಲ್ಲಿ ಮೂರು ಚೀಟಿ ಬಂದರೆ ಕುಂಚ ಕಸಿದುಕೊಂಡು ಹೊಟ್ಟಿನ ಕೋಣೆಗೆ ಕಳಿಸುತ್ತಿದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮರದ ಹೊಟ್ಟನ್ನು ಚೀಲಕ್ಕೆ ತುಂಬುವ ಕೆಲಸ. ಅಲ್ಲಿಗೆ ಹೋದವರು ಆರು ತಿಂಗಳಿಗೆ ಕೆಮ್ಮು ಹತ್ತಿಸಿಕೊಂಡು ಮನೆ ಸೇರುತ್ತಿದ್ದರು. ಕಣ್ಣಿನ ಮೇಜಿಗೆ ವಾಪಸು ಬಂದವರನ್ನು ನಾನು ಕಾಣೆ.

ಅಕ್ಕ ಮದುವೆಯಾಗಲಿಲ್ಲ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಈ ಸೊಟ್ಟ ಸಂಸಾರದ ಜೊತೆ ಇಷ್ಟು ವರ್ಷ ಕಳೆದಳು. ಚೀಟಿ ಬರೆದಮೇಲೆ ಒಡೆಯಲು ಮನಸ್ಸಾಗದ್ದನ್ನು ಎತ್ತಿಟ್ಟುಕೊಂಡಿದ್ದಾಳೆ ಅಂತಲೇ ನಾನು ಅಂದುಕೊಂಡಿದ್ದೆ. ಈಗ ಅವಳ ಮಂಡಿ ಮೆಟ್ಟಿಲು ಹತ್ತಲು ಒಲ್ಲೆ ಅನ್ನುತ್ತಿದೆ. ನೆಲಮಟ್ಟದಲ್ಲಿರುವ ನನ್ನ ಮನೆಗೆ ಬಾ ಅಂತ ಎರಡು ವರ್ಷದಿಂದ ಗೋಗರೆದು, ಈ ತಿಂಗಳು ಅಂತೂ ಒಪ್ಪಿಸಿದೆ. ಅಕ್ಕನಿಗೆ ಜಾಗ ಮಾಡಬಹುದು. ಆಳೆತ್ತರದ ಕಪಾಟಿಗೆ ಎಲ್ಲಿಂದ ತರಲಿ? ನಾನು ಒಂದು ಮಗ್ಗುಲಿಂದ ಇನ್ನೊಂದಕ್ಕೆ ಹೊರಳಿದರೆ ಹೊಲಿಗೆ ಯಂತ್ರ ಮೊಣಕೈಗೆ ತಗುಲುವಂಥ ಮನೆ ನನ್ನದು.

ದೇವರೇ ಕಳಿಸಿದ ಹಾಗೆ ಗ್ರಂಥಾಲಯದ ಮೇಡಂ ಬಂದರು. ಬೀದಿ ಕೊನೆಯ ಗ್ರಂಥಾಲಯದಲ್ಲಿ ಮಕ್ಕಳಿಗಾಗಿ ಒಂದು ಕೋಣೆ ಖಾಲಿ ಮಾಡಿದ್ದರಂತೆ. ಕಪಾಟು ನೋಡಿ ಕೆನ್ನೆಯ ಮೇಲೆ ಕೈಯಿಟ್ಟು ನಿಂತುಬಿಟ್ಟರು.

"ಅಂಗಡೀಲಿ ಎಲ್ಲೆಲ್ಲೂ ಚೆನ್ನಾಗಿರೋ ಗೊಂಬೆನೇ ನೋಡಿದೀನಮ್ಮ. ಇಷ್ಟೊಂದು ತಪ್ಪನ್ನ ಒಟ್ಟಿಗೆ ಎಲ್ಲೂ ನೋಡಿಲ್ಲ! ಮಕ್ಕಳು ಕುಣಿದಾಡ್ತಾರೆ. ಆದರೆ ಒಂದು ಮಾತು. ನಮ್ಮ ಸಮಿತಿಯವರು ಕಾರ್ಡ್ ಇಲ್ಲದ ವಸ್ತು ಒಳಗೆ ಸೇರಿಸಲ್ಲ. ಯಾವ ಗೊಂಬೆ, ಯಾವ ವರ್ಷ, ಬಣ್ಣ ಹಚ್ಚಿದವರು ಯಾರು. ಮೂರೂ ಬೇಕು. ಶನಿವಾರ ಗಾಡಿ ತರ್ತೀನಿ."

ಸೋಮವಾರ ಮನೆಯ ಮಾಲೀಕ ಸುಣ್ಣ ಹೊಡೆಸುವವನಿದ್ದ. ಶನಿವಾರ ಗಾಡಿ ಹತ್ತದಿದ್ದರೆ ಗೊಂಬೆಗಳಿಗೆ ಉಳಿಯುವ ದಾರಿ ಗುಜರಿಯವನ ಮೂಟೆ ಮಾತ್ರ. ನನಗೆ ಇದರಲ್ಲಿ ತೊಡಕೇ ಕಾಣಲಿಲ್ಲ. ಅಂಗಾಲು ತಿರುಗಿಸಿದರೆ ಚುಕ್ಕಿ, ಚುಕ್ಕಿ ಕಂಡರೆ ಹೆಸರು. ಕಾರ್ಡು ಕತ್ತರಿಸಿಕೊಂಡು ಕೂತೆ.

ಮೇಡಂ ಮೆಟ್ಟಿಲಿಳಿಯುವವರೆಗೆ ತುಟಿ ಪಿಟಕ್ಕೆನ್ನದ ಅಕ್ಕ ಆಗ ಬಾಯಿ ಬಿಟ್ಟಳು. "ವರ್ಷ ಬರೀತೀನಿ. ಹೆಸರು ಬರಿಯಲ್ಲ."

"ಯಾಕೆ? ಹೆಸರು ಬರೆದ್ರೆ ನಿನ್ನ ಗಂಟೇನು ಹೋಗುತ್ತೆ?"

"ಬರಿಯಲ್ಲ ಅಂದ್ರೆ ಬರಿಯಲ್ಲ. ಬೇಕಾದ್ರೆ ಗುಜರಿಯವನನ್ನ ಕರಿ."

ನನಗೆ ನೆತ್ತಿಗೇರಿತು. ನಾನು ಮೊದಲೇ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವಳು. "ಮೂವತ್ತು ವರ್ಷ ಸಾಕಿ ಈಗ ಮೂಟೆಗೆ ಹಾಕ್ತೀಯಾ? ಅವರ ಹೆಸರಿನ ಚೀಟಿ ಆವತ್ತೇ ನೀನೇ ಬರೆದಿದ್ದೀಯ, ಮೇಸ್ತ್ರಿ ಎಲ್ಲರೆದುರು ಓದಿದ್ದಾನೆ. ಈಗೆಂಥ ಗುಟ್ಟು?"

ಅಕ್ಕ ಐದು ಕಾಲಿನ ಕುದುರೆಯನ್ನು ಕೈಗೆತ್ತಿಕೊಂಡಳು. "ಚೀಟಿ ಬರೆದಿದ್ರೆ ಇದು ಡ್ರಮ್ಮಲ್ಲಿ ಪುಡಿಯಾಗಿರ್ತಿತ್ತು ಕಣೆ. ಬರೀಲಿಲ್ಲ, ಅದಕ್ಕೇ ಇಲ್ಲಿದೆ. ಇದನ್ನ ಮಾಡಿದವಳಿಗೇ ಗೊತ್ತಿಲ್ಲ ತಾನು ಮಾಡಿದೀನಿ ಅಂತ. ಪಾಪ, ಬಾಣಂತಿ, ನಿದ್ದೆಗಣ್ಣಲ್ಲಿ ಕೂತಿದ್ಲು. ಆ ತಿಂಗಳು ಆಗ್ಲೇ ಎರಡು ಚೀಟಿ ಬಿದ್ದಿತ್ತು."

ನಾನು ಕತ್ತರಿ ಕೆಳಗಿಟ್ಟೆ. "ತಟ್ಟೇಲಿ ಒಂದು ಗೊಂಬೆ ಕಮ್ಮಿಯಾದ್ರೆ ಪ್ಯಾಕಿಂಗ್‌ನವರು ಸುಮ್ಮನೆ ಬಿಡ್ತಿದ್ರಾ?"

"ಕಮ್ಮಿ ಆಗ್ತಿರಲಿಲ್ಲ. ಕೆತ್ತೋರು ಎರಡು ಮೂರು ಹೆಚ್ಚಿಗೆ ಕಳಿಸ್ತಿದ್ರಲ್ಲ, ಅದರಲ್ಲಿ ಒಂದಕ್ಕೆ ಊಟದ ಹೊತ್ತಲ್ಲಿ ನಾನೇ ಬಣ್ಣ ಹಚ್ಚಿ ಇಟ್ಟುಬಿಡ್ತಿದ್ದೆ. ಸೊಟ್ಟಗಿರೋದು ಊಟದ ಕ್ಯಾರಿಯರ್‌ನ ತಳದ ಡಬ್ಬೀಲಿ ಮನೆಗೆ ಬರ್ತಿತ್ತು."

ಊಟದ ಗಂಟೆ ಹೊಡೆದರೆ ನಾವು ಹೆಂಗಸರೆಲ್ಲ ಹೊರಗಿನ ಜಗುಲಿಯ ಮೇಲೆ ವೃತ್ತವಾಗಿ ಕೂರುತ್ತಿದ್ದೆವು. ಅಕ್ಕ ಎಷ್ಟೋ ದಿನ ಬರುತ್ತಿರಲಿಲ್ಲ. ಚೆಕಿಂಗ್ ಮೇಜು ಸಿಕ್ಕಿತಲ್ಲ, ದೊಡ್ಡಸ್ತಿಕೆ, ನಮ್ಮ ಜೊತೆ ಕೂತರೆ ಮರ್ಯಾದೆ ಕಮ್ಮಿಯಾಗುತ್ತದೆ ಅಂತ ಎಲ್ಲರೂ ಆಡಿಕೊಳ್ಳುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಆಡಿಕೊಂಡವಳು ಒಡಹುಟ್ಟಿದ ನಾನು. ಸಂಜೆ ಬಸ್ಸಿನಲ್ಲಿ ಅವಳು ಆರಿದ ಊಟವನ್ನು ಗಬಗಬ ತಿನ್ನುವಾಗ, "ಹೊತ್ತಿಗೆ ಸರಿಯಾಗಿ ತಿನ್ನೋಕೇನು ರೋಗ ನಿಂಗೆ" ಅಂತ ಬೈದವಳೂ ನಾನೇ. ಅವಳು ಆ ಅರ್ಧ ಗಂಟೆಯಲ್ಲಿ ಬೇರೆಯವರ ತಪ್ಪಿಗೆ ಬಣ್ಣ ಹಚ್ಚುತ್ತ ಕೂತಿದ್ದಳು. ಮಾಡಿದ್ದನ್ನು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ನಾನಾಗಿದ್ದರೆ ಡಂಗುರ ಹೊಡೆಸುತ್ತಿದ್ದೆ. ಎಂಥ ಹೆಂಗಸಪ್ಪ ಇವಳು ಅನಿಸಿತು.

ಆದರೆ ನನ್ನ ಹಾಳು ಬುದ್ಧಿ ನೋಡಿ. ಅಷ್ಟು ಕೇಳಿದ ಮೇಲೂ ಹೆಸರು ಬರೆಯುವ ಆಸೆ ಬಿಡಲಿಲ್ಲ. ಇಷ್ಟು ದೊಡ್ಡ ಕೆಲಸ ನಾಲ್ಕು ಜನಕ್ಕೆ ಗೊತ್ತಾಗಬೇಡವೇ? ತಪ್ಪು ಮಾಡಿದವರಿಗೆ ಈಗ ಯಾವ ಹೊಟ್ಟಿನ ಕೋಣೆಯ ಭಯ? ಅದೂ ಅಲ್ಲದೆ, ಸುಳ್ಳೇಕೆ, ಆ ಪಟ್ಟಿಯಲ್ಲಿ ಎಲ್ಲರ ಹೆಸರಿದ್ದು ನನ್ನದೊಂದು ಇಲ್ಲದಿರುವುದು ಎಷ್ಟು ಚೆಂದ ಕಾಣುತ್ತದೆ ಅಂತಲೂ ಮನಸ್ಸಿಗೆ ಬಂತು. ಗುರುವಾರ ಅಕ್ಕ ಮಂಡಿ ತೋರಿಸಲು ಆಸ್ಪತ್ರೆಗೆ ಹೋದಳು. ಸಾಮಾನು ಕಟ್ಟುತ್ತೇನೆ ಅಂತ ಹೇಳಿ ನಾನು ಉಳಿದೆ. ಬಾಗಿಲು ಹಾಕಿದ್ದೇ ತಡ, ಗೊಂಬೆಗಳ ಅಂಗಾಲು ತಿರುಗಿಸಲು ಶುರುಮಾಡಿದೆ.

ಗುಲಾಬಿ ಚುಕ್ಕಿ: ಬಾಯಿ ಮುಚ್ಚದೆ ಹರಟುತ್ತಿದ್ದ 'ರೇಡಿಯೋ'. ನೀಲಿ: ಕುಂಚ ಸರಿಯಿಲ್ಲ, ಬಣ್ಣ ಸರಿಯಿಲ್ಲ ಅಂತ ದಿನಾ ಗೊಣಗುತ್ತಿದ್ದ 'ಗುಂಡಕ್ಕ'. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಒಬ್ಬಳೇ ನಗುತ್ತ ಬರೆದುಕೊಂಡೆ. ನೂರ ಎಪ್ಪತ್ತೊಂದರಲ್ಲಿ ಹಳದಿ ಒಂದೂ ಇರಲಿಲ್ಲ. ಎದೆ ಉಬ್ಬಿತು. ಅದೇ ಹುಮ್ಮಸ್ಸಿನಲ್ಲಿ, ಬಟ್ಟೆ ಕಟ್ಟಿಡೋಣ ಅಂತ ಅಕ್ಕನ ಮಂಚದ ಕೆಳಗಿನ ಟ್ರಂಕು ಎಳೆದೆ. ತೆರೆದರೆ ಬಟ್ಟೆಯಲ್ಲ, ಹಳೇ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣಗಳು. ಒಂದನ್ನು ಬಿಚ್ಚಿದೆ. ಕೆಂಪು ಲಂಗದ ಹುಡುಗಿ ಗೊಂಬೆ. ಎರಡು ಕಣ್ಣೂ ಒಂದೇ ಪಕ್ಕಕ್ಕೆ ಸರಿದು ಎಲ್ಲೋ ನೋಡುತ್ತಿದ್ದವು. ತಿರುಗಿಸಿದೆ. ಹಳದಿ.

ಇನ್ನೊಂದು ಬಿಚ್ಚಿದೆ. ಹಳದಿ. ಮತ್ತೊಂದು, ಮಗದೊಂದು. ನೆಲದ ಮೇಲೆ ನಲವತ್ತೊಂದು ಗೊಂಬೆ ಸಾಲಾದವು. ಅಷ್ಟಕ್ಕೂ ನನ್ನ ಚುಕ್ಕಿ. ಕಪಾಟಿನ ಯಾರೊಬ್ಬರ ಲೆಕ್ಕವೂ ಇಷ್ಟು ದೂರ ಬಂದಿರಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸಲು ಹೋದರಂತೆ. ಆ ಗಾದೆ ಮಾಡಿದವರು ನನ್ನನ್ನು ನೋಡಿಯೇ ಮಾಡಿರಬೇಕು.

ಕಪಾಟಿನವುಗಳ ಹಾಗೆಯೇ ಇವುಗಳ ಬೆನ್ನಿಗೂ ಅಕ್ಕ ಪೆನ್ಸಿಲಿನಲ್ಲಿ ತಾರೀಖು ಬರೆದಿದ್ದಳು. ಏಳೆಂಟು ಬೇರೆ ಬೇರೆ ವರ್ಷದವು. ಉಳಿದವೆಲ್ಲ ಒಂದೇ ವರ್ಷದ ನಾಲ್ಕು ತಿಂಗಳಿನವು. ಆ ತಿಂಗಳುಗಳನ್ನು ಯಾರೂ ನನಗೆ ನೆನಪಿಸಬೇಕಾಗಿಲ್ಲ. ನಮ್ಮ ಮನೆಯವರು ಹಾಸಿಗೆ ಹಿಡಿದದ್ದು, ತೀರಿಕೊಂಡದ್ದು, ಆಮೇಲೆ ಮನೆಯಲ್ಲಿ ಒಬ್ಬಳೇ ಕೂರಲಾರದೆ ಹತ್ತನೇ ದಿನಕ್ಕೇ ನಾನು ಕೆಲಸಕ್ಕೆ ಓಡಿ ಬಂದದ್ದು ಆಗ. ಪ್ರಪಂಚವೇ ಬುಡಮೇಲಾದರೂ ನನ್ನ ಕೈ ಮಾತ್ರ ನಡುಗಲಿಲ್ಲ ಅಂತ ಇಷ್ಟು ವರ್ಷ ಎದೆ ತಟ್ಟಿ ಹೇಳಿಕೊಂಡೆ. ಅದೊಂದನ್ನು ಹಿಡಿದುಕೊಂಡೇ ಬದುಕಿದೆ. ಇಲ್ಲಿ ಮೂವತ್ತಕ್ಕೂ ಹೆಚ್ಚು ಗೊಂಬೆಗಳಲ್ಲಿ ಒಂದೂ ನೆಟ್ಟಗೆ ನನ್ನ ಮುಖ ನೋಡುತ್ತಿರಲಿಲ್ಲ.

ಅಕ್ಕ ಬಂದಾಗ ನಾನು ಇನ್ನೂ ನೆಲದ ಮೇಲೇ ಕೂತಿದ್ದೆ. ಅವಳು ಕೋಲು ಗೋಡೆಗೆ ಒರಗಿಸಿ, ಮಂಚದ ಮೇಲೆ ಕೂತು, ಉಸಿರು ಸುಧಾರಿಸಿಕೊಂಡಳು.

"ಅದನ್ನ ಯಾಕೆ ತೆಗೆದೆ?" ಅಂದಳು.

"ನೀನು ಯಾಕೆ ಹೇಳ್ಲಿಲ್ಲ? ಊರ ಮುಂದೆಲ್ಲ ಜಂಬ ಕೊಚ್ಚಿಕೊಂಡೆನಲ್ಲೇ! ನಿನ್ನ ಎದುರಿಗೇ ಕೊಚ್ಚಿಕೊಂಡೆ. ನೀನು ಒಳಗೊಳಗೇ ನಗ್ತಿದ್ದೆ ಅಲ್ವಾ?"

"ನಗೋಕೆ ಏನಿದೆ? ಆಗ ನಿಂಗೆ ಹೇಳಿದ್ರೆ ಕೈಯಲ್ಲಿದ್ದ ಕುಂಚ ಕೆಳಗಿಡ್ತಿದ್ದೆ. ಆಮೇಲೆ ಏನು ಮಾಡ್ತಿದ್ದೆ? ಗಂಡನೂ ಇಲ್ಲ, ಕೆಲಸವೂ ಇಲ್ಲ." ಅಕ್ಕ ಮಂಡಿ ನೀವಿಕೊಂಡಳು. "ನನ್ನ ಕೈ ಸರಿಯಾಗಿದೆ ಅಂತ ದಿನಾ ಹೇಳ್ಕೊಂಡೇ ಬಂದು ಕೂರ್ತಿದ್ದೆ ನೀನು. ಐದನೇ ತಿಂಗಳಿಗೆ ನಿಜವಾಗ್ಲೂ ಸರಿಹೋಯ್ತು."

ನಾನು ಅತ್ತೆ. ಅವಳ ಕಾಲ ಹತ್ತಿರ ಕೂತು, ಎಪ್ಪತ್ತು ದಾಟಿದವಳು ಅನ್ನುವುದನ್ನೂ ಮರೆತು ಜೋರಾಗಿಯೇ ಅತ್ತೆ. ಅಕ್ಕ ಸಮಾಧಾನ ಮಾಡಲು ಹೋಗಲಿಲ್ಲ. ಅವಳಿಗೆ ಅಂಥದ್ದೆಲ್ಲ ಬರುವುದಿಲ್ಲ. ಆ ನಾಲ್ಕು ತಿಂಗಳೂ ಅವಳು ಹೆಚ್ಚುಕಮ್ಮಿ ಮೂರು ದಿನಕ್ಕೊಮ್ಮೆ ನನ್ನ ಒಂದೊಂದು ಗೊಂಬೆಗಾಗಿ ಊಟ ಬಿಟ್ಟಿದ್ದಳು. ನಾನು ಹೊರಗೆ ಜಗುಲಿಯ ಮೇಲೆ ಕೂತು ಅವಳದೇ ದೊಡ್ಡಸ್ತಿಕೆಯ ಮಾತಾಡುತ್ತಿದ್ದೆ. ಇಂಥವಳ ಬೆನ್ನಿಗೆ ಹುಟ್ಟಿದ ನನ್ನ ಅದೃಷ್ಟಕ್ಕೆ ಏನು ಹೇಳಲಿ?

ಸ್ವಲ್ಪ ಹೊತ್ತಿನ ಮೇಲೆ ಅಕ್ಕ, "ಈಗ್ಲಾದ್ರೂ ಹೆಸರು ಬೇಡ ಅಂತ ಗೊತ್ತಾಯ್ತಾ?" ಅಂದಳು.

"ಗೊತ್ತಾಯ್ತು. ಆದರೂ ಕಾರ್ಡು ನಾನೇ ಬರೀತೀನಿ. ನೀನು ಅಡ್ಡ ಬರಬೇಡ. ನಿನ್ನ ಬಾಣಂತಿಯ ಹೆಸರು ಎಲ್ಲೂ ಬರಲ್ಲ, ನನ್ನಾಣೆ."

ಹೆಸರುಗಳ ಪಟ್ಟಿಯನ್ನು ಹರಿದು ಒಲೆಗೆ ಹಾಕಿದೆ. ಗೊಂಬೆಗಳ ಅಂಗಾಲಿನ ಚುಕ್ಕಿಗಳನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿದೆ. ಬೆನ್ನಿನ ತಾರೀಖುಗಳನ್ನು ಒಂದು ಹಾಳೆಗೆ ಇಳಿಸಿಕೊಂಡು, ಅಕ್ಕನ ಕಣ್ಣಿಗೆ ಬೀಳದ ಹಾಗೆ ಶುಕ್ರವಾರ ಇಡೀ ದಿನ ನನ್ನ ಮನೆಯಲ್ಲಿ ಕೂತು ಕಾರ್ಡು ಬರೆದೆ. ಇನ್ನೂರ ಹನ್ನೆರಡು. ಬೆರಳು ಮರಗಟ್ಟಿತು.

ಶನಿವಾರ ಬೆಳಿಗ್ಗೆ ಗ್ರಂಥಾಲಯದ ಮೇಡಂ ಗಾಡಿಯ ಜೊತೆ ಬಂದರು. ಗೊಂಬೆ ಎತ್ತುವ ಮೊದಲು ಕಾರ್ಡುಗಳನ್ನು ಒಂದೊಂದಾಗಿ ಓದತೊಡಗಿದರು. ಪೊಲೀಸು, ಕರಡಿ, ಬೆಕ್ಕು, ಕುದುರೆ. ಹತ್ತನೆಯದಕ್ಕೆ ಬಂದಾಗ ತಲೆಯೆತ್ತಿದರು.

"ಅಮ್ಮಾ, ಎಲ್ಲಾ ಕಾರ್ಡಲ್ಲೂ ಒಂದೇ ಹೆಸರಿದೆಯಲ್ಲ?"

"ಹೌದು. ಅದು ನಾನೇ."

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ನಾನು ಅವಳ ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದೆ.

"ಇನ್ನೂರ ಹನ್ನೆರಡು ತಪ್ಪು, ಒಬ್ಬರೇ ಮಾಡಿದ್ದಾ?" ಮೇಡಂಗೆ ನಗು ತಡೆಯಲಾಗಲಿಲ್ಲ.

"ಮೂವತ್ತು ವರ್ಷ ಅಂದ್ರೆ ಸುಮ್ಮನೇನಾ ಮೇಡಂ?"

"ಅಲ್ಲಾ, ಇಷ್ಟಾದ್ರೂ ನಿಮ್ಮನ್ನ ಕೆಲಸದಿಂದ ತೆಗೀಲಿಲ್ವಾ?"

"ಹೇಗೆ ತೆಗೀತಾರೆ?" ಅಂದೆ. "ಚೆಕಿಂಗ್ ಮೇಜಲ್ಲಿ ಕೂತಿದ್ದೋಳು ನಮ್ಮಕ್ಕ."